ಆರು ಅಕ್ಷರ ಹಿಡಿದ ಬೆರಳು



ಕೆ.ಆರ್. ಪೇಟೆ ಕಡೆ ಗದ್ದೆ ಮಾಡುವವರಿಗೆ ಜಿಂಕ್, ಅಂದರೆ ಸತು, ಏನೆಂದು ನಾನು ಹೇಳಬೇಕಾಗಿಲ್ಲ. ನಾಟಿಯಾದ ಎರಡು ಮೂರು ವಾರಕ್ಕೆ ಪೈರು ಗಿಡ್ಡಾಗಿ ಗರಿಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಎದ್ದರೆ ಗೊಬ್ಬರದಂಗಡಿಯವರು ಜಿಂಕ್ ಸಲ್ಫೇಟ್ ಕೊಡುತ್ತಾರೆ. ಡಿಎಪಿ ಜೊತೆ ಬೆರೆಸಬೇಡಿ ಎಂದೂ ಹೇಳಿ ಕಳಿಸುತ್ತಾರೆ. ಪೈರಿನ ಈ ಬಾಧೆ ರೋಗಾಣುವಿನ ಕಾಟವಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ತೋರಿಸಿದವರು ಪಂತನಗರದ ವಿಜ್ಞಾನಿ ವೈ.ಎಲ್. ನೆನೆ. ಅದಕ್ಕೂ ಮುಂಚೆ, ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಇರಾನಿನಲ್ಲಿ ಪ್ರಾಯ ಬಂದರೂ ಬೆಳೆಯದೆ ಉಳಿದ ಹುಡುಗರನ್ನು ಕಂಡರು. ತೌಡು ತೆಗೆಯದ ಹಿಟ್ಟಿನ ರೊಟ್ಟಿಯೇ ಅವರ ಊಟ, ಜೊತೆಗೆ ಮಣ್ಣು ತಿನ್ನುವ ಚಟ. ಇದೂ ಸತುವಿನ ಕೊರತೆಯೇ ಇರಬೇಕೆಂದು 1961ರಲ್ಲಿ ಅವರಿಗೆ ಬಂದ ಅನುಮಾನ 1963ರ ಹೊತ್ತಿಗೆ ಈಜಿಪ್ಟಿನಲ್ಲಿ ದೃಢವಾಯಿತು.

ದೊಡ್ಡವರ ಮೈಯಲ್ಲಿ ಇರುವ ಸತು ಒಟ್ಟು ಎರಡು ಮೂರು ಗ್ರಾಂ. ಅಷ್ಟಕ್ಕೆ ಇಷ್ಟು ಆಟವೇ? ಉತ್ತರದ ಒಂದು ಭಾಗ ಸಿಕ್ಕಿದ್ದು 1985ರಲ್ಲಿ, ಕೇಂಬ್ರಿಡ್ಜ್‌ನಲ್ಲಿ, ಕಪ್ಪೆಯ ಮೊಟ್ಟೆಯೊಳಗಿನ ಒಂದು ಪ್ರೋಟೀನಿನಲ್ಲಿ. ಮೂರು ವರ್ಷ ಮೊದಲೇ ನೊಬೆಲ್ ಪಡೆದಿದ್ದ ಆರನ್ ಕ್ಲುಗ್ ಮತ್ತು ಸಂಗಡಿಗರು ಆ ಪ್ರೋಟೀನಿನಲ್ಲಿ ಒಂದೇ ವಿನ್ಯಾಸ ಒಂಬತ್ತು ಸಲ ಬಂದಿರುವುದನ್ನು ಗುರುತಿಸಿದರು. ಸುಮಾರು ಮೂವತ್ತು ಅಮೈನೋ ಆಮ್ಲಗಳ ಒಂದೊಂದು ತುಂಡು. ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್ ಸೇರಿ ನಡುವೆ ಒಂದು ಸತುವಿನ ಪರಮಾಣುವನ್ನು ಹಿಡಿದುಕೊಂಡಿರುತ್ತವೆ. ಆ ಹಿಡಿತದಿಂದ ತುಂಡು ಬೆರಳಿನಂತೆ ಮಡಚಿ ನಿಲ್ಲುತ್ತದೆ, ನಿಂತು ಡಿಎನ್ಎಯ ಸುಮಾರು ಮೂರು ಅಕ್ಷರಗಳನ್ನು ಗುರುತಿಸುತ್ತದೆ. ಮನುಷ್ಯರಲ್ಲಿ ಈ ಬಗೆಯ ಬೆರಳುಳ್ಳ ಪ್ರೋಟೀನುಗಳ ಜೀನುಗಳು 700ಕ್ಕೂ ಹೆಚ್ಚು. ಯಾವ ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದರಲ್ಲಿ ಇವುಗಳದು ದೊಡ್ಡ ಪಾಲು.

ಅದೇ 1985ರಲ್ಲಿ, ಇದಕ್ಕೆ ಸಂಬಂಧವೇ ಇಲ್ಲದಂತೆ, ಇನ್ನೊಂದು ಸುದ್ದಿ ಬಂತು. ಮಗು ಹೊಟ್ಟೆಯಲ್ಲಿದ್ದಾಗ ಅದರ ರಕ್ತದಲ್ಲಿ ಬೇರೆಯೇ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಹಿಂದೆ ಸರಿದು ದೊಡ್ಡವರದು ಬರುತ್ತದೆ. ಆದರೆ ಗ್ರೀಕ್ ಮೂಲದ ಕೆಲವರಲ್ಲಿ ಬಸಿರಿನ ಹಿಮೋಗ್ಲೋಬಿನ್ ಜೀವಮಾನವಿಡೀ ಉಳಿದಿತ್ತು, ಅವರು ಆರೋಗ್ಯವಾಗಿಯೂ ಇದ್ದರು. ಕಾರಣ, ಆ ಹಿಮೋಗ್ಲೋಬಿನ್ನಿನ ಜೀನಿನ ಮುಂಭಾಗದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ: ಜಿ ಇರಬೇಕಾದಲ್ಲಿ ಎ. ಅದನ್ನು ಕಂಡವರಲ್ಲಿ ಒಬ್ಬರು, ಮುಂದೆ ಮಾನವ ಜೀನೋಮ್ ಯೋಜನೆಯನ್ನು ನಡೆಸಿದ ಫ್ರಾನ್ಸಿಸ್ ಕಾಲಿನ್ಸ್. ಒಂದು ಅಕ್ಷರ ಬದಲಾದರೆ ಇಷ್ಟೇಕಾಗುತ್ತದೆ ಎಂಬುದು ಆಗ ತಿಳಿಯಲಿಲ್ಲ. ಎರಡು ಸುದ್ದಿಗಳೂ ಮೂವತ್ತಮೂರು ವರ್ಷ ತಮ್ಮ ತಮ್ಮ ದಾರಿ ಹಿಡಿದಿದ್ದವು.

ಇದು ನಮಗೇಕೆ ಬೇಕು ಎಂದರೆ, ಸಿಕಲ್ ಸೆಲ್ ಕಾಯಿಲೆ ನಮ್ಮ ನೆರೆಯಲ್ಲೇ ಇದೆ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಶ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದನ್ನು ಗುರುತಿಸಿದರು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿಗಳಲ್ಲೂ ಅದು ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆ ಮೂಳೆಯೂ ನೋಯುತ್ತದೆ. ಈ ಕಾಯಿಲೆಯ ಕೂಸು ಹುಟ್ಟಿದ ಹೊಸತರಲ್ಲಿ ಚೆನ್ನಾಗಿಯೇ ಇರುತ್ತದೆ, ಬಸಿರಿನ ಹಿಮೋಗ್ಲೋಬಿನ್ ಕಾಯುತ್ತಿರುತ್ತದೆ. ಅದು ಸರಿದ ಮೇಲೆಯೇ ನೋವು ಶುರು. ಹಾಗಾದರೆ ಅದನ್ನು ಸರಿಸುವವರು ಯಾರು?

2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮೊದಲಾದವರು ಬಿಸಿಎಲ್11ಎ ಎಂಬ ಪ್ರೋಟೀನಿನತ್ತ ಬೊಟ್ಟು ಮಾಡಿದರು. ಅದೂ ಸತುವಿನ ಬೆರಳುಗಳುಳ್ಳದ್ದೇ. ಆದರೆ ಅದು ಡಿಎನ್ಎಯ ಎಲ್ಲಿ ಕೂರುತ್ತದೆ? ಜೀವಕೋಶದೊಳಗೆ ಸಾವಿರಾರು ಪ್ರೋಟೀನುಗಳ ನಡುವೆ ಇದನ್ನು ತೀರ್ಮಾನಿಸುವುದು ಕಷ್ಟ. ಅದಕ್ಕೇ ಆ ಪ್ರೋಟೀನನ್ನು ಒಂಟಿಯಾಗಿ, ಶುದ್ಧವಾಗಿ ಕೈಗೆ ತಂದುಕೊಳ್ಳಬೇಕು.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಕೆಲಸದ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಮನುಷ್ಯರ ಜೀನಿನಲ್ಲಿ ಬೇಕಾದ ಭಾಗವನ್ನು ಮಾತ್ರ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ಪ್ರೋಟೀನು ಸರಿಯಾಗಿ ಮಡಚಿಕೊಳ್ಳಲೆಂದು ರಾತ್ರಿಯೆಲ್ಲ ತಂಪಿನಲ್ಲಿ ಬೆಳೆಸುವುದುಂಟು. ದ್ರಾವಣಕ್ಕೆ ಚಿಟಿಕೆ ಸತುವಿನ ಲವಣ ಹಾಕುತ್ತಾರೆ, ಇಲ್ಲವಾದರೆ ಬೆರಳು ಮೂಡುವುದಿಲ್ಲ. ಬ್ಯಾಕ್ಟೀರಿಯಾವನ್ನು ಒಡೆದು, ಸೋಸಿ, ಬೇರ್ಪಡಿಸಿದರೆ ಪುಟ್ಟ ಕೊಳವೆಯ ತಳದಲ್ಲಿ ಕೆಲವು ಮೈಕ್ರೋಗ್ರಾಂ. ಹೀಗೆ ತಯಾರಾದದ್ದೇ ರೀಕಾಂಬಿನೆಂಟ್ ಮಾನವ ಪ್ರೋಟೀನು. ‘ಸಂಶೋಧನೆಗೆ ಮಾತ್ರ’ ಎಂದು ಚೀಟಿ ಅಂಟಿಸಿ ಮಾರುವವರೂ ಇದ್ದಾರೆ. ಲೋಹವನ್ನು ಕಸಿಯುವ ಇಡಿಟಿಎ ಸೇರಿಸಿದರೆ ಬೆರಳು ಬಿಚ್ಚಿಕೊಂಡು ಪ್ರೋಟೀನು ಡಿಎನ್ಎಯನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಡದಿದ್ದರೆ ಪ್ರಯೋಗವನ್ನೇ ಅನುಮಾನಿಸಬೇಕು. ಔಷಧಿಯಲ್ಲದ್ದಕ್ಕೆ ಇಷ್ಟು ಖರ್ಚೇಕೆ ಎಂದು ಕೇಳುವವರಿಗೆ ನನ್ನ ಉತ್ತರ, ಮುಂದೆ ನಡೆದದ್ದನ್ನು ನೋಡಿ.

2018ರಲ್ಲಿ ಆರ್ಕಿನ್ ತಂಡ ಬಿಸಿಎಲ್11ಎಯ ಬೆರಳುಗಳ ತುಂಡುಗಳನ್ನು ಹಾಗೇ ತಯಾರಿಸಿ, ಸಾವಿರಾರು ಡಿಎನ್ಎ ತುಣುಕುಗಳ ಮೇಲೆ ಬಿಟ್ಟು ನೋಡಿತು. ಕೊನೆಯ ಮೂರು ಬೆರಳುಗಳ ಗುಂಪು ಆರಿಸಿಕೊಂಡದ್ದು ಆರು ಅಕ್ಷರ: ಟಿ, ಜಿ, ಎ, ಸಿ, ಸಿ, ಎ. ಬಸಿರಿನ ಹಿಮೋಗ್ಲೋಬಿನ್ ಜೀನಿನ ಮುಂದೆ ಆ ಆರೂ ಸಾಲಾಗಿ ಇದ್ದವು. 1985ರ ಗ್ರೀಕರಲ್ಲಿ ಬದಲಾಗಿದ್ದದ್ದು ಅವುಗಳಲ್ಲಿ ಎರಡನೆಯದು. ಅಕ್ಷರ ಬದಲಾದದ್ದಕ್ಕೆ ಬೆರಳಿಗೆ ಹಿಡಿತ ಸಿಕ್ಕಿರಲಿಲ್ಲ, ಜೀನ್ ಆರಿರಲಿಲ್ಲ.

ಬಿಸಿಎಲ್11ಎ ಮಿದುಳಿಗೂ ರೋಗನಿರೋಧಕ ಕಣಗಳಿಗೂ ಬೇಕು, ಎಲ್ಲೆಡೆ ಅಳಿಸುವಂತಿಲ್ಲ. ಹಾಗಾಗಿ ಕ್ಯಾಸ್‌ಜೆವಿ ಎಂಬ ಸಿಕಲ್ ಸೆಲ್ ಚಿಕಿತ್ಸೆಯಲ್ಲಿ ರೋಗಿಯದೇ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಕೆಂಪು ಕಣದಲ್ಲಿ ಬಿಸಿಎಲ್11ಎ ಜೀನನ್ನು ಚುರುಕುಗೊಳಿಸುವ ಚೂರನ್ನಷ್ಟೇ ಕತ್ತರಿಸಿ ಮರಳಿ ಸೇರಿಸುತ್ತಾರೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಹಾಡಿಯ ತಾಯಿಯೊಬ್ಬಳ ಮುಂದೆ ಈ ಅಂಕಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವಳ ಮಗುವಿಗೆ ಇವತ್ತು ಬೇಕಾದದ್ದು ರಕ್ತಪರೀಕ್ಷೆ ಮತ್ತು ತಪ್ಪದೆ ಸಿಗುವ ಹೈಡ್ರಾಕ್ಸಿಯೂರಿಯಾ. ಕಡಿಮೆ ಬೆಲೆಯ ಆ ಹಳೆಯ ಮಾತ್ರೆಯೂ ಬಸಿರಿನ ಹಿಮೋಗ್ಲೋಬಿನ್ನನ್ನೇ ಹೆಚ್ಚಿಸುತ್ತದೆ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ನಲವತ್ತು ವರ್ಷದವರೆಗಿನವರ ತಪಾಸಣೆ ಸೇರಿದೆ.

ಮಾತ್ರೆಯ ಹುಡುಕಾಟ ಬೆರಳಿನ ದಾರಿಯಲ್ಲೂ ನಡೆದಿದೆ. 2024ರಲ್ಲಿ ನೊವಾರ್ಟಿಸ್ ವಿಜ್ಞಾನಿಗಳು ‘ವಿಜ್’ ಎಂಬ ಇನ್ನೊಂದು ಸತುಬೆರಳಿನ ಪ್ರೋಟೀನು ಕೂಡ ಬಸಿರಿನ ಹಿಮೋಗ್ಲೋಬಿನ್ನನ್ನು ಅದುಮುತ್ತದೆಂದೂ, ಬಾಯಿಂದ ಕೊಡಬಹುದಾದ ಒಂದು ಅಣು ಅದನ್ನು ಕೋಶದೊಳಗೇ ಚೂರುಮಾಡಿಸುತ್ತದೆಂದೂ ಪ್ರಕಟಿಸಿದರು. ಇಲಿಗಳಲ್ಲಿ, ಕೋತಿಗಳಲ್ಲಿ ನೋಡಿದ್ದಾರೆ. ಆ ಅಣು ಥಾಲಿಡೋಮೈಡ್ ವಂಶಕ್ಕೆ ಸೇರಿದ್ದು. ಬಸುರಿಯರು ನುಂಗಿದ ಥಾಲಿಡೋಮೈಡಿನಿಂದ 1960ರ ಸುಮಾರಿಗೆ ಎಷ್ಟು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವೆಂದು ಬಲ್ಲವರು ಈ ಪರೀಕ್ಷೆಗಳಿಗೆ ಅವಸರ ಮಾಡುವುದಿಲ್ಲ.