ಬಿಸಿಲಿಗೆ ಅಡ್ಡ ನಿಲ್ಲುವ ಈರುಳ್ಳಿ ಸಿಪ್ಪೆ

ಮಕ್ಕಳೇ, ಚಿಂತಾಮಣಿ ಕಡೆಯ ಟೊಮೆಟೊ ತೋಟಗಳಲ್ಲಿ ಹನಿ ನೀರಾವರಿಯ ಪೈಪುಗಳನ್ನು ನೋಡಿರುತ್ತೀರಿ. ಅವು ಕಪ್ಪಗೇ ಇರುತ್ತವಲ್ಲ, ಯಾಕೆ? ಬಿಳಿಯದಾಗಿದ್ದರೂ ನೀರು ಹರಿಯುತ್ತಿತ್ತು. ಆದರೆ ಪೈಪು ಬಾಳಿಕೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ಕಿಗೆ ನುಣ್ಣನೆಯ ಇಂಗಾಲದ ಮಸಿ ಬೆರೆಸಿರುತ್ತಾರೆ. ಬಿಸಿಲಿನ ಏಟನ್ನು ಆ ಮಸಿ ತಾನು ತಿಂದು ಪೈಪನ್ನು ಕಾಯುತ್ತದೆ.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಜೊತೆ ಕಾಣದ ಬೆಳಕೂ ಬರುತ್ತದೆ. ಕಾಮನಬಿಲ್ಲಿನ ನೇರಳೆ ಬಣ್ಣದಿಂದ ಆಚೆಗಿರುವುದು ಅತಿನೇರಳೆ ಕಿರಣ. ಅದರ ಅಲೆಯ ಉದ್ದ 400 ನ್ಯಾನೊಮೀಟರಿಗಿಂತ ಕಡಿಮೆ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್ ಎಂದರೆ ಅದೆಷ್ಟು ಪುಟ್ಟ ಅಲೆ ಎಂದು ಯೋಚಿಸಿ! ಅಲೆ ಗಿಡ್ಡವಾದಷ್ಟೂ ಶಕ್ತಿ ಜಾಸ್ತಿ. ಪ್ಲಾಸ್ಟಿಕ್ಕಿನ ಅಣುಗಳು ಸರಪಳಿಯ ಹಾಗೆ ಉದ್ದಕ್ಕೆ ಹೆಣೆದುಕೊಂಡಿರುತ್ತವೆ. ಈ ಕಿರಣ ಬಿದ್ದು ಬಿದ್ದು ಕೊಂಡಿಗಳು ಕಳಚುತ್ತವೆ. ಅಂಗಳದಲ್ಲೇ ಬಿಟ್ಟ ಕುರ್ಚಿ ಒಂದು ದಿನ ಕೂತ ತಕ್ಷಣ ಪಟಕ್ಕನೆ ಮುರಿಯುವುದು ಹೀಗೆ.

ಶಿಡ್ಲಘಟ್ಟದ ಮಕ್ಕಳಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ರೇಷ್ಮೆ ಸೀರೆಯನ್ನು ಅಜ್ಜಿ ನೆರಳಲ್ಲೇ ಒಣಗಿಸುತ್ತಾರೆ. ಅಜ್ಜಿ ಮಾಡುವುದು ಸರಿ. ರೇಷ್ಮೆ ಒಂದು ಪ್ರೋಟೀನು. ಅದರೊಳಗಿನ ಟೈರೊಸಿನ್, ಟ್ರಿಪ್ಟೊಫಾನ್ ಎಂಬ ಅಂಶಗಳು ಅತಿನೇರಳೆ ಕಿರಣವನ್ನು ಹೀರಿಕೊಂಡು ಕೆಡುತ್ತವೆ. ಬಿಳಿ ರೇಷ್ಮೆ ಹಳದಿಗೆ ತಿರುಗುತ್ತದೆ, ಎಳೆ ಬಲ ಕಳೆದುಕೊಳ್ಳುತ್ತದೆ.

ಬಿಸಿಲಿನಿಂದಲೇ ಕರೆಂಟ್ ಮಾಡುವ ಸೌರಕೋಶಗಳಿಗೂ ಈ ಕಾಟ ತಪ್ಪಿದ್ದಲ್ಲ. ಅವುಗಳ ಮೇಲೆ ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಮಾಡಿದ ರಕ್ಷಣೆಯ ಹಾಳೆ ಹೊದಿಸುತ್ತಾರೆ. ಅದರ ಬದಲು ಬೇರೇನಾದರೂ ಸಿಗಬಹುದೇ ಎಂದು ಹುಡುಕಿದ ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ವಿಜ್ಞಾನಿಗಳು ಮರದ ನಾರಿನಿಂದ ತೆಳ್ಳನೆಯ ಹಾಳೆ ಮಾಡಿ, ಅದಕ್ಕೆ ಕೆಂಪು ಈರುಳ್ಳಿ ಸಿಪ್ಪೆಯ ಬಣ್ಣ ಕುಡಿಸಿದರು. 2025ರಲ್ಲಿ ಫಲಿತಾಂಶ ಪ್ರಕಟವಾಯಿತು. 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಕಿರಣದಲ್ಲಿ ಶೇಕಡಾ 99.9ರಷ್ಟನ್ನು ಆ ಹಾಳೆ ತಡೆಯಿತು. 1000 ಗಂಟೆ ಕೃತಕ ಬೆಳಕಿನಲ್ಲಿಟ್ಟರೂ ಸೋಲಲಿಲ್ಲ. ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು, ಕರೆಂಟಿಗೆ ಬೇಕಾದ ಕೆಂಪು ಬೆಳಕಿನ ಬಹುಭಾಗವನ್ನು ಅದು ಒಳಗೆ ಬಿಟ್ಟುಕೊಟ್ಟಿತು. ಬೇಡದ್ದನ್ನು ತಡೆದು ಬೇಕಾದ್ದನ್ನು ಬಿಡುವುದೇ ಕಷ್ಟದ ಕೆಲಸ. ಇದಿನ್ನೂ ಪ್ರಯೋಗಾಲಯದ ಹಂತದಲ್ಲಿದೆ, ಅಷ್ಟೇ.

ಸಿಪ್ಪೆಗೆ ಈ ಗುಣ ಎಲ್ಲಿಂದ ಬಂತು? ಗಿಡ ಓಡಿಹೋಗಿ ನೆರಳಲ್ಲಿ ನಿಲ್ಲಲಾರದು. ಅದಕ್ಕೇ ಬಿಸಿಲನ್ನು ತಡೆಯುವ ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈರುಳ್ಳಿಯಲ್ಲಿ ಕ್ವರ್ಸೆಟಿನ್ ಇದೆ, ಕೆಂಪು ಬಣ್ಣ ಕೊಡುವ ಆಂಥೊಸಯನಿನ್ ಇದೆ. ನಾವು ತಿನ್ನುವ ಒಳತಿರುಳಿಗಿಂತ ಹೊರಗಿನ ಒಣಸಿಪ್ಪೆಯಲ್ಲೇ ಕ್ವರ್ಸೆಟಿನ್ ಹೆಚ್ಚು. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಸೂಚಿ (ಜಿಐ), ಅಂದರೆ ಈ ನೆಲದ ವಿಶೇಷ ಬೆಳೆ ಎಂಬ ಮಾನ್ಯತೆ ಸಿಕ್ಕಿದೆ. ಆ ಚಿಕ್ಕ ಗಡ್ಡೆಯ ಸಿಪ್ಪೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಾಗದಕ್ಕಿಂತ ತೆಳು, ಸಣ್ಣ ಗೆರೆಗಳು, ಅಂಚಿನಲ್ಲಿ ಗಾಢವಾಗುವ ಕೆಂಪು.

ಒಂದು ಪ್ರಯೋಗ ಮಾಡೋಣವೇ? ಒಂದು ಹಿಡಿ ಕೆಂಪು ಈರುಳ್ಳಿ ಸಿಪ್ಪೆಯನ್ನು ದೊಡ್ಡವರ ಕೈಲಿ ಕುದಿಸಿ, ಸೋಸಿ, ಆರಿಸಿಕೊಳ್ಳಿ. ಎರಡು ಪಾರದರ್ಶಕ ಪ್ಲಾಸ್ಟಿಕ್ ಕವರ್ ತೆಗೆದುಕೊಂಡು ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಸಿಪ್ಪೆಯ ನೀರು ಸ್ವಲ್ಪ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ. ಹೊಸ ದಿನಪತ್ರಿಕೆಯ ಅಚ್ಚಿಲ್ಲದ ಅಂಚಿನ ತುಂಡುಗಳ ಮೇಲೆ ಚಪ್ಪಟೆಯಾಗಿ ಮಲಗಿಸಿ ಬಿಸಿಲಿಗಿಡಿ. ಪಕ್ಕದಲ್ಲೇ ಮೂರನೆಯ ತುಂಡು ಏನೂ ಮುಚ್ಚದೆ ಇರಲಿ. ಸಿಪ್ಪೆಯ ನೀರು ಹಳಸುತ್ತದೆ, ಎರಡು ದಿನಕ್ಕೊಮ್ಮೆ ಬದಲಿಸಿ. ಒಂದು ವಾರದ ಮೇಲೆ ಯಾವ ತುಂಡು ಎಷ್ಟು ಹಳದಿಯಾಗಿದೆ ನೋಡಿ, ತಾರೀಖಿನ ಸಮೇತ ಬರೆದಿಡಿ. ಆಮೇಲೆ ದಾಳಿಂಬೆ ಸಿಪ್ಪೆಯ ನೀರನ್ನೂ ಹೀಗೇ ಪರೀಕ್ಷಿಸಿ, ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ.