ಅರ್ಧ ವರ್ಷದ ಚಿತ್ರಗಳು: ಒಬ್ಬ ಪ್ರೇಕ್ಷಕನ ಲೆಕ್ಕ



ವರ್ಷದ ನಡುವೆ ನಿಂತು, ಅದುವರೆಗೆ ತೆರೆಗೆ ಬಂದ ಚಿತ್ರಗಳ ಲೆಕ್ಕ ಹಾಕುವುದು ನಮ್ಮ ಹಳೆಯ ಅಭ್ಯಾಸ. ಈ ಹೊತ್ತು 2024ನೆಯ ಇಸವಿಯ ಮೊದಲ ಆರು ತಿಂಗಳ ಲೆಕ್ಕವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಆ ಕಾಲ ಕಳೆದುಹೋಯಿತಲ್ಲ, ಈಗೇಕೆ ಅದರ ಮಾತು ಎಂದು ತಾವು ಕೇಳಬಹುದು. ಆ ಆರು ತಿಂಗಳಲ್ಲಿ ನಮ್ಮ ಮಲೆನಾಡು ಎರಡು ಸಾರಿ ತೆರೆಯ ಮೇಲೆ ಬಂದಿತು. ಬಂದ ಅತಿಥಿಯನ್ನು ನಾವು ಹೇಗೆ ಬರಮಾಡಿಕೊಂಡೆವೆಂಬುದು ಇನ್ನೂ ಮನಸ್ಸನ್ನು ಬಿಟ್ಟಿಲ್ಲ. ಅದೇ ಕಾರಣ.

ನಾವು ವಿಮರ್ಶಕರಲ್ಲ, ಚಿತ್ರೋದ್ಯಮದ ಒಳಗುಟ್ಟನ್ನು ಬಲ್ಲವರೂ ಅಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಂಜೆಯ ಬಸ್ಸಿನಲ್ಲಿ ಭದ್ರಾವತಿಗೆ ಹಿಂದಿರುಗುವ ಸಾಮಾನ್ಯರು. ನಮಗಿರುವ ಯೋಗ್ಯತೆ ಒಂದೇ: ಚಿಕ್ಕಂದಿನಿಂದ ದುಡ್ಡು ಕೊಟ್ಟು ಟಿಕೆಟು ಕೊಂಡಿದ್ದೇವೆ. ಅಡಿಗೆ ಮಾಡಲು ಬಾರದವನೂ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಬಲ್ಲನಷ್ಟೆ. ಅಷ್ಟೇ ಅಧಿಕಾರದಿಂದ ನಾವು ಮಾತನಾಡುತ್ತಿದ್ದೇವೆ.

ನಾವು ಬೆಳೆದ ಭದ್ರಾವತಿ ಕಾರ್ಖಾನೆಗಳ ಊರು. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅದರ ಬೆನ್ನಿಗೇ ಮುಂದಿನ ದಶಕದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡರ ಸೈರನ್ನು ಕೇಳಿಯೇ ಊರಿನ ಒಲೆಗಳು ಹೊತ್ತುತ್ತಿದ್ದುವು, ಊರಿನ ಟಾಕೀಸುಗಳು ತುಂಬುತ್ತಿದ್ದುವು. ಪಾಳಿ ಮುಗಿಸಿದವರು ಮನೆಗೆ ಹೋಗಿ ಕೈಕಾಲು ತೊಳೆದು, ಊಟ ಮಾಡಿ, ಹೆಂಡತಿ ಮಕ್ಕಳೊಡನೆ ಎರಡನೆಯ ಆಟಕ್ಕೆ ಹೊರಡುವರು. ಚಿತ್ರ ಒಳ್ಳೆಯದೇ ಕೆಟ್ಟದೇ ಎಂಬ ವಿಚಾರ ಆಮೇಲಿನದು, ಹೋಗುವುದಂತೂ ಖಂಡಿತ. ಕಾಗದದ ಕಾರ್ಖಾನೆಯಲ್ಲಿ ತಯಾರಿಕೆ ನಿಂತು ವರ್ಷಗಳಾದುವು. ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನಷ್ಟು ಮಂದಿ ಕೆಲಸಗಾರರಿಲ್ಲ. ಪಾಳಿಯ ಜನ ಕರಗಿದಂತೆ ಎರಡನೆಯ ಆಟದ ಜನವೂ ಕರಗಿತು. ಚಿತ್ರಮಂದಿರ ಬರಿದಾಗುವುದಕ್ಕೆ ಚಿತ್ರವೊಂದೇ ಕಾರಣವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಇನ್ನು ಲೆಕ್ಕಕ್ಕೆ ಬರೋಣ. ಆ ವರ್ಷದ ಜನವರಿಯಲ್ಲಿ ಜನ ನೋಡುತ್ತಿದ್ದುದು ಹಿಂದಿನ ಡಿಸೆಂಬರ್ 29ರಂದು ಬಿಡುಗಡೆಯಾದ ‘ಕಾಟೇರ’ವನ್ನು. ಉಳುವವನಿಗೆ ಭೂಮಿ ದೊರೆತ ಕಾಲದ ಕಥೆಯದು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದುದು ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಆದುದರಿಂದ ಈ ವಿಷಯ ನಮಗೆ ಪುಸ್ತಕದ ವಿಷಯವಲ್ಲ, ಅಜ್ಜಂದಿರ ಬಾಯಿಂದ ಕೇಳಿದ ವಿಷಯ. ಜನಪ್ರಿಯ ನಟನ ಚಿತ್ರವೊಂದು ಗೇಣಿ, ಕಾನೂನು ಎಂಬ ಮಾತುಗಳನ್ನೆತ್ತಿತೆಂಬುದೇ ಸಂತೋಷ. ಆದರೆ ಮಚ್ಚಿನ ಸದ್ದಿನಲ್ಲಿ ಕಾನೂನಿನ ಧ್ವನಿ ಅಡಗಿಹೋಯಿತು. ನಮ್ಮವರು ನೆಲ ಪಡೆದುದು ಹೊಡೆದಾಟದಿಂದಲ್ಲ. ಸೆರೆಮನೆಗೆ ಹೋಗಿ, ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು.

ಜನವರಿ 26ರಂದು ಬಂದ ‘ಉಪಾಧ್ಯಕ್ಷ’ದಲ್ಲಿ ಚಿಕ್ಕಣ್ಣನವರು ನಾಯಕರಾದರು, ಹಾಸ್ಯನಟನ ಹೆಗಲ ಮೇಲೆಯೂ ಇಡೀ ಚಿತ್ರವನ್ನು ಹೊರಿಸಬಹುದೆಂದು ತೋರಿತು. ಮಾರ್ಚ್ 8ರ ‘ಕರಟಕ ದಮನಕ’ ಉತ್ತರ ಕರ್ನಾಟಕದ ಹಳ್ಳಿಯ ನೀರಿನ ಬವಣೆಯನ್ನು ಹೇಳಹೊರಟು ಕುಣಿತದ ಕಡೆಗೆ ಜಾರಿತು. ಮಾರ್ಚ್ 29ರಂದು ರಾಜ್‌ಕುಮಾರ್ ಮನೆತನದ ಮೂರನೆಯ ತಲೆಮಾರಿನ ಯುವಕ ‘ಯುವ’ ಎಂಬ ಹೆಸರಿನಲ್ಲೇ ಬಂದರು. ತಂದೆಯ ಸಾಲ ತೀರಿಸಲು ಮನೆಮನೆಗೆ ಊಟ ಹಂಚುವ ಹುಡುಗನ ಪಾತ್ರ ಕಾಲಕ್ಕೆ ಒಪ್ಪುವಂಥದು. ಆ ಹುಡುಗನ ದಣಿವನ್ನು ಇನ್ನಷ್ಟು ತೋರಿಸಿ ಶೌರ್ಯವನ್ನು ಕೊಂಚ ಕಡಿಮೆ ಮಾಡಿದ್ದರೆ ಚೆನ್ನಾಗಿತ್ತು.

1934ರ ಮಾರ್ಚ್ 3ರಂದು ‘ಸತಿ ಸುಲೋಚನಾ’ ತೆರೆಗೆ ಬಂದು ಕನ್ನಡದ ವಾಕ್ಚಿತ್ರ ಹುಟ್ಟಿತು. 2024ರ ಮಾರ್ಚಿಗೆ ಅದಕ್ಕೆ ತೊಂಬತ್ತು ತುಂಬಿತು. ಆ ತಿಂಗಳು ಯಾವ ಉತ್ಸವವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ಹೊಸಬರು ತಮಗೆ ತಿಳಿಯದೆಯೇ ಆ ಹಬ್ಬವನ್ನು ಆಚರಿಸಿದರೆಂದು ನಮಗೆ ತೋರುತ್ತದೆ. 8ರಂದು ‘ಬ್ಲಿಂಕ್’ ಬಂದಿತು: ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗಿಬರುವ ಯುವಕನೊಬ್ಬನ ಕಥೆ. ಕೈಯಲ್ಲಿ ಹಣ ಕಡಿಮೆಯಿದ್ದವರು ಬುದ್ಧಿಯಿಂದಲೇ ಅದನ್ನು ತುಂಬಿಕೊಂಡಿದ್ದರು. ನೋಡಿದವರು ಹೇಳಿ ಹೇಳಿಯೇ ಅದಕ್ಕೆ ಜನ ಕೂಡಿದರು. 15ರಂದು ಬಂದ ‘ಫೋಟೋ’ದಲ್ಲಿ, ವಿಧಾನಸೌಧದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬೇಕೆಂಬ ಬಾಲಕನ ಆಸೆಯ ಮೇಲೆ 2020ರ ಲಾಕ್‌ಡೌನ್ ಬಂದೆರಗುತ್ತದೆ. ತಂದೆ ಮಗ ರಾಯಚೂರಿನ ಕಡೆಗೆ ನಡೆಯತೊಡಗಿದ ಮೇಲೆ ನಾವು ಕುರ್ಚಿಯಲ್ಲಿ ಸುಖವಾಗಿ ಕೂರಲಾರದೆಹೋದೆವು. ಜೂನ್ 14ರ ‘ಶಿವಮ್ಮ ಯರೇಹಂಚಿನಾಳ’ ಕೊಪ್ಪಳದ ಕಡೆಯ ಒಬ್ಬ ಬಡ ಹೆಂಗಸಿನ ಕಥೆ. ಶಕ್ತಿಪೇಯ ಮಾರುವ ಸರಪಣಿ ವ್ಯಾಪಾರಕ್ಕೆ ಸಿಕ್ಕಿ ಆಕೆ ಬಂಧುಬಳಗವನ್ನೆಲ್ಲ ಗಿರಾಕಿಗಳನ್ನಾಗಿ ಮಾಡಹೊರಡುತ್ತಾಳೆ. 2022ರಲ್ಲಿಯೇ ಕೊರಿಯ ದೇಶದ ಬುಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಈ ಚಿತ್ರ ನಮ್ಮ ಟಾಕೀಸಿಗೆ ಬರಲು ಎರಡು ವರ್ಷ ಹಿಡಿಯಿತು. ಬುಸಾನಿಗಿಂತ ಕೊಪ್ಪಳವೇ ನಮಗೆ ದೂರವಾಯಿತೆನ್ನಬೇಕು.

ಈಗ ನಮ್ಮ ಮನೆಯ ಮಾತು. ಫೆಬ್ರವರಿ 16ರಂದು ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ ಬಿಡುಗಡೆಯಾಯಿತು. ಮಲೆನಾಡಿನ ಸಣ್ಣ ಊರು. ಅಲ್ಲೊಂದು ಸಸ್ಯಾಹಾರಿ ಹೋಟೆಲು. ಅದನ್ನು ಒಂಟಿಯಾಗಿ ನಡೆಸುವ ಸುಬ್ಬಣ್ಣ. ಕೊಲೆಯ ಆರೋಪ ಹೊತ್ತು ತಪ್ಪಿಸಿಕೊಂಡ ಯುವಕನೊಬ್ಬ ಗಾಯಗೊಂಡು ಅಲ್ಲಿಗೆ ಬಂದು ಸೇರುತ್ತಾನೆ. ಮುಂದಿನ ಕಥೆಯನ್ನು ನಾವು ಹೇಳುವುದಿಲ್ಲ. ಸುಬ್ಬಣ್ಣನಾಗಿ ರಂಗಾಯಣ ರಘು ಅವರು ಮಾತಿಗಿಂತ ಮೌನದಿಂದಲೇ ಹೆಚ್ಚು ಹೇಳಿದ್ದಾರೆ. ತಟ್ಟೆ ಇಡುವ ರೀತಿ, ಗಿರಾಕಿಯ ಮುಖ ನೋಡದೆಯೇ ಅವನಿಗೇನು ಬೇಕೆಂದು ಬಲ್ಲ ರೀತಿ, ಇವೆಲ್ಲ ನಮ್ಮ ತೀರ್ಥಹಳ್ಳಿ ಹೊಸನಗರದ ಹೋಟೆಲುಗಳಲ್ಲಿ ನಾವು ಕಂಡವೇ. ಮಲೆನಾಡನ್ನು ಹಾಡಿನ ಹಿಂದಿನ ಹಸುರು ಪರದೆಯಾಗಿ ಬಳಸಿದ ಚಿತ್ರಗಳು ಎಷ್ಟೋ ಇವೆ. ಇಲ್ಲಿ ಮಲೆನಾಡು ಹೊಗೆ ಹಿಡಿದ ಅಡಿಗೆಮನೆಯಾಗಿ ಬಂದಿದೆ. ದೋಷವಿಲ್ಲವೆಂದಲ್ಲ. ಉತ್ತರಾರ್ಧದಲ್ಲಿ ಅನಾಹುತದ ಮೇಲೆ ಅನಾಹುತ ಬಂದು ನಂಬಿಕೆ ಒಂದೆರಡು ಕಡೆ ಎಡವುತ್ತದೆ. ಆದರೂ ಸಾಧುವಾದವನೊಬ್ಬ ಹೆಜ್ಜೆಹೆಜ್ಜೆಯಾಗಿ ಎಲ್ಲಿಗೆ ಹೋಗಿ ಮುಟ್ಟಬಲ್ಲನೆಂಬ ಭಯ ಮನೆಯವರೆಗೂ ಜೊತೆಗೆ ಬರುತ್ತದೆ.

ಎರಡನೆಯದು ಮಾರ್ಚ್ 15ರ ‘ಕೆರೆಬೇಟೆ’, ರಾಜ್‌ಗುರು ಅವರ ನಿರ್ದೇಶನ, ಗೌರಿಶಂಕರ್ ನಾಯಕರು. ಸೊರಬ ಸಾಗರದ ಕಡೆಯವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇವೆ: ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಊರವರೂ ನೆರೆಯೂರವರೂ ಬಿದಿರಿನ ಕೂಣಿ ಹಿಡಿದು ಒಟ್ಟಾಗಿ ಕೆರೆಗಿಳಿದು ಮೀನು ಹಿಡಿಯುವ ಪದ್ಧತಿಯಿದು. ಈ ಕೆಸರಿನ ಸಂಭ್ರಮವನ್ನು ಚಿತ್ರ ಬಲು ಚೆನ್ನಾಗಿ ಹಿಡಿದಿದೆ. ಊರಿನ ಆಡುಮಾತು ಬೆಂಗಳೂರಿನ ಬಾಯಲ್ಲಿ ತೊಳೆದು ಬಂದಿಲ್ಲ. ಪೂರ್ವಾರ್ಧದಲ್ಲಿ ನಾಯಕನ ಪೌರುಷಕ್ಕೆ ಬೇಕಾದುದಕ್ಕಿಂತ ಹೆಚ್ಚು ಜಾಗ ಕೊಟ್ಟಿರುವುದು ನಿಜ. ಆದರೆ ಪ್ರೇಮದ ಕಥೆಯೆಂದು ನೋಡುತ್ತಿದ್ದುದು ಕೊನೆಕೊನೆಗೆ ಜಾತಿಯ ಹೆಮ್ಮೆಯ ಕಥೆಯಾಗಿ ತಿರುಗಿದಾಗ, ಒಂದೇ ಕೆರೆಯಲ್ಲಿ ಒಟ್ಟಿಗೆ ಇಳಿಯುವ ಜನ ದಡಕ್ಕೆ ಬಂದೊಡನೆ ಬೇರೆಬೇರೆಯಾಗುವುದೇಕೆ ಎಂಬ ಪ್ರಶ್ನೆ ನೋಡುವವನ ಎದೆಯಲ್ಲೇ ಉಳಿಯುತ್ತದೆ.

ಇಷ್ಟು ವಿವರವಾಗಿ ಹೇಳಿದ ನಾವು ‘ಶಾಖಾಹಾರಿ’ಯನ್ನು ಚಿತ್ರಮಂದಿರದಲ್ಲಿ ನೋಡಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಈ ಭಾಷಣ ಪ್ರಾಮಾಣಿಕವಾಗದು. ಆ ಫೆಬ್ರವರಿಯ ಕೊನೆಯಲ್ಲಿ ತರಗತಿಯಲ್ಲಿ ಹಾರ್ಡಿಯ ಕಾದಂಬರಿಯ ಪಾಠ ನಡೆಯುತ್ತಿತ್ತು. ಅವನು ತನ್ನ ಸೀಮೆಯ ಒಂದೊಂದು ಬೇಲಿಯನ್ನೂ ಬಲ್ಲವನಾಗಿದ್ದನೆಂದು ಹೇಳುತ್ತ, ನಮ್ಮ ಚಿತ್ರದವರಿಗೆ ಮಾತ್ರ ಸ್ವಂತ ಊರು ಕಾಣುವುದೇ ಇಲ್ಲವೆಂದು ನಾವು ಒಂದು ವ್ಯಂಗ್ಯವನ್ನು ಬಿಟ್ಟೆವು. ಹಿಂದಿನ ಬೆಂಚಿನಲ್ಲಿದ್ದ ಭದ್ರಾವತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ‘ಶಾಖಾಹಾರಿ’ ನೋಡಿದಿರಾ?” ಎಂದಳು. ಮುಂದಿನ ಭಾನುವಾರ ಹೋಗಬೇಕೆಂದಿದ್ದೇವೆ ಎಂದೆವು. “ನಾವು ಮೊನ್ನೆ ಹೋಗಿದ್ದೆವು ಸಾರ್. ಒಳಗೆ ಹದಿನಾಲ್ಕು ಜನ ಇದ್ದೆವು” ಎಂದು ಹೇಳಿ ಆಕೆ ಕುಳಿತಳು. ಅದರಲ್ಲಿ ಅವಿನಯವೇನೂ ಇರಲಿಲ್ಲ. ಭಾನುವಾರ ನಾವು ಹೋದಾಗ ಆ ಚಿತ್ರಮಂದಿರದಲ್ಲಿ ಬೇರೊಂದು ಚಿತ್ರದ ಭಿತ್ತಿಪತ್ರವಿತ್ತು. ಬೇಸಗೆಯ ರಜೆಯಲ್ಲಿ ಅದನ್ನು ಓಟಿಟಿಯಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ, ನಡುನಡುವೆ ಫೋನು ಬಂದಾಗ ನಿಲ್ಲಿಸುತ್ತ ನೋಡಿದೆವು. ಮೆಚ್ಚಿದೆವು, ಹತ್ತು ಮಂದಿಗೆ ಹೇಳಿದೆವು. ಹೊಗಳಿಕೆ ತಲಪಬೇಕಾದ ಕಾಲದಲ್ಲಿ ತಲಪಲಿಲ್ಲ. ಪಾಠ ಕಲಿತು ‘ಕೆರೆಬೇಟೆ’ಗೆ ಮೊದಲ ವಾರದಲ್ಲಿಯೇ ಮನೆಯವರನ್ನು ಕರೆದುಕೊಂಡು ಹೋದೆವು. ನಾವು ಹೋದ ಮಧ್ಯಾಹ್ನದ ಆಟದಲ್ಲಿ ಖಾಲಿ ಕುರ್ಚಿಗಳೇ ಹೆಚ್ಚಾಗಿದ್ದುವು.

ಚಿತ್ರಮಂದಿರದವರನ್ನು ದೂರುವುದು ಸುಲಭ. ಆದರೆ ಅವರ ಲೆಕ್ಕವನ್ನೂ ಕೇಳಬೇಕು. ಚಿತ್ರ ಶುಕ್ರವಾರ ಬರುತ್ತದೆ. ಶನಿವಾರ, ಭಾನುವಾರಗಳ ಗಳಿಕೆಯನ್ನು ನೋಡಿ ಸೋಮವಾರದಿಂದ ಎಷ್ಟು ಆಟವೆಂಬುದು ತೀರ್ಮಾನವಾಗುತ್ತದೆ. ದೊಡ್ಡ ನಟನ ಚಿತ್ರಕ್ಕೆ ಮೂರು ದಿನ ಸಾಕು. ಅಭಿಮಾನಿಗಳು ಮೊದಲ ದಿನವೇ ಬರುತ್ತಾರೆ. ಸಣ್ಣ ಚಿತ್ರದ ಕೀರ್ತಿ ಬಾಯಿಂದ ಬಾಯಿಗೆ ನಡೆದು ಬರಬೇಕು. ಅದು ನಮ್ಮ ಬೀದಿಗೆ ತಲಪುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಒಂದೇ ಶುಕ್ರವಾರ ಹಲವು ಚಿತ್ರಗಳು ನುಗ್ಗುವುದು ಇನ್ನೊಂದು ಕಷ್ಟ. ‘ಫೋಟೋ’, ‘ಕೆರೆಬೇಟೆ’ ಎರಡೂ ಒಂದೇ ದಿನ ಬಂದುವು. ಮಾರ್ಚ್ ಪರೀಕ್ಷೆಯ ತಿಂಗಳು, ಆಮೇಲೆ ಕ್ರಿಕೆಟ್ಟು, ಅದರ ಮೇಲೆ ಆ ವರ್ಷ ಲೋಕಸಭೆಯ ಚುನಾವಣೆ, ಮೇ 7ರಂದು ನಮ್ಮ ಶಿವಮೊಗ್ಗದಲ್ಲಿ ಮತದಾನ. ಕೆಲವು ವಾರ ಕಾದರೆ ಮನೆಯಲ್ಲೇ ನೋಡಬಹುದೆಂಬ ಭರವಸೆ ಬೇರೆ. ಇವೆಲ್ಲ ನಿಜವಾದ ಕಾರಣಗಳು. ನಮ್ಮ ಸೋಮಾರಿತನವೂ ಇವುಗಳ ಸಾಲಿನಲ್ಲಿ ಒಂದೆಂಬುದು ಅಷ್ಟೇ ನಿಜ.

ಇದು ನಮ್ಮ ಜಿಲ್ಲೆಗೆ ಒಪ್ಪುವ ನಡತೆಯಲ್ಲ. 1970ರ ‘ಸಂಸ್ಕಾರ’, ತೀರ್ಥಹಳ್ಳಿ ತಾಲ್ಲೂಕಿನ ಅನಂತಮೂರ್ತಿಯವರ ಕಾದಂಬರಿಯಿಂದ ಹುಟ್ಟಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಅವರದೇ ಕಥೆಯನ್ನು ಅದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವಾಗಿಸಿ ಮತ್ತೊಂದನ್ನು ತಂದರು. ಆ ‘ಘಟಶ್ರಾದ್ಧ’ದ ಸವೆದ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿಯೇ, ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಲವತ್ತೇಳು ವರ್ಷದ ಹಿಂದಿನ ಮಲೆನಾಡನ್ನು ವೆನಿಸಿನವರು ಕುಳಿತು ನೋಡಿದ ವರ್ಷದಲ್ಲಿ, ಈಚಿನ ಮಲೆನಾಡನ್ನು ಹತ್ತಿರದಲ್ಲೇ ನೋಡಲು ನಮಗೆ ಪುರಸೊತ್ತಾಗಲಿಲ್ಲ.

ಅರ್ಧ ವರ್ಷದ ಬಳಿಕ ಏನಾಯಿತೆಂಬುದನ್ನೂ ಹೇಳಬೇಕು. ಆಗಸ್ಟ್ 9ರಂದು ‘ಭೀಮ’, 15ರಂದು ‘ಕೃಷ್ಣಂ ಪ್ರಣಯ ಸಖಿ’ ಬಂದು ಮಂದಿರಗಳಲ್ಲಿ ಮತ್ತೆ ಜನ ಕಂಡಿತು. 2025ರ ಏಪ್ರಿಲ್‌ನಲ್ಲಿ ರಂಗಾಯಣ ರಘು ಅವರೇ ಮಲೆನಾಡಿನ ಪೊಲೀಸ್ ಅಧಿಕಾರಿಯಾಗಿ ‘ಅಜ್ಞಾತವಾಸಿ’ಯಲ್ಲಿ ಬಂದರು. ಅದೇ ವರ್ಷ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಕರಾವಳಿಯ ಹಳ್ಳಿಯೊಂದರ ನಗೆಯ ಕಥೆ. ದೊಡ್ಡ ನಾಯಕನಟರ ಬಲವಿಲ್ಲ, ಜಾಹೀರಾತಿನ ಅಬ್ಬರವಿಲ್ಲ. ನೋಡಿದವರು ನೆರೆಯವರನ್ನು ಕಳುಹಿಸಿದರು, ನೆರೆಯವರು ನೆಂಟರನ್ನು ಕರೆತಂದರು, ಮಂದಿರಗಳು ತುಂಬಿದುವು. ಜನ ಬರುವುದಿಲ್ಲವೆಂಬ ಮಾತು ಸುಳ್ಳಾಯಿತು. ನಗಿಸುವ ಚಿತ್ರಕ್ಕೆ ಒದಗಿದ ಈ ಭಾಗ್ಯ ಚಿಂತೆಗೆ ಹಚ್ಚುವ ಚಿತ್ರಕ್ಕೂ ಒದಗಬಾರದೇಕೆ?

ನಮ್ಮ ಬಿನ್ನಹ ಸಣ್ಣದು. ನಮ್ಮ ಸೀಮೆಯ ಚಿತ್ರವೆಂದು ಕೆಟ್ಟುದನ್ನು ಹೊಗಳಬೇಕಾಗಿಲ್ಲ. ನೋಡದೆ ತೆಗಳಬಾರದು, ನೋಡದೆ ಹೊಗಳಲೂಬಾರದು. ನೋಡಬೇಕೆಂದಿದ್ದರೆ ಮೊದಲ ವಾರದಲ್ಲಿ ನೋಡೋಣ. ಮೆಚ್ಚಿದರೆ ಅಂದೇ ಹೇಳೋಣ. ಮೆಚ್ಚದಿದ್ದರೆ ಏಕೆಂದು ಹೇಳೋಣ. ಆಮೇಲೆ ಒಳ್ಳೆಯ ಚಿತ್ರ ಬರುವುದಿಲ್ಲವೆಂದು ನಿಟ್ಟುಸಿರು ಬಿಡುವ ಹಕ್ಕು ನಮಗೆ ದೊರೆಯುತ್ತದೆ. ಆ ಹಕ್ಕನ್ನು ನಾವು ಒಮ್ಮೆ ಟಿಕೆಟು ಕೊಳ್ಳದೆಯೇ ಚಲಾಯಿಸಹೊರಟೆವು. ನಮ್ಮ ವಿದ್ಯಾರ್ಥಿನಿ ತಡೆದಳು. ಆಕೆಗೆ ಈ ಮೂಲಕ ನಮ್ಮ ಕೃತಜ್ಞತೆ.