ಸಾಲ ತೀರಿದ ಮೇಲೆ

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಐಟಿಐ ಓದಿದ ಎಲೆಕ್ಟ್ರಿಷಿಯನ್ ನಾನು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮಲೇಷ್ಯಾಕ್ಕೆ ಬರುವಾಗ ಊರಲ್ಲಿ ಒಂದೂವರೆ ಲಕ್ಷ ಕೈಸಾಲ ಮಾಡಿದ್ದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದ್ರೆ ತಿಂಗಳಿಗೆ 4,500, ವರ್ಷಕ್ಕೆ ಶೇಕಡ 36. ಈ ದೇಶದ 1951ರ ಲೇವಾದೇವಿ ಕಾಯ್ದೆಯಲ್ಲಿ ಅಡಮಾನ ಇಲ್ಲದ ಸಾಲಕ್ಕೂ ಶೇಕಡ 18 ದಾಟುವಂತಿಲ್ಲ. ಓಟಿ ಮಾಡಿ ಮಾಡಿ ಮೂರು ವರ್ಷದಲ್ಲಿ ತೀರಿಸಿದೆ.

ಎರಡೇ ತಿಂಗಳಿಗೆ ಅಪ್ಪನ ಫೋನು. "ತಂಗಿ ಮದುವೆ ಗೊತ್ತಾಗಿದೆ. ಮೂರು ಲಕ್ಷ ಕೊಡ್ತಾರಂತೆ. ನೀನು ಫಾರಿನ್‌ನಲ್ಲಿದ್ದೀಯ, ನಿನ್ನ ಹೆಸರು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ರೂಮಿನಲ್ಲಿ ಒಬ್ಬರು "ಸಾಲದ ಸುದ್ದಿಗೇ ಹೋಗಬೇಡ" ಅಂದ್ರು. ಇನ್ನೊಬ್ಬರು "ಒಂದು ತೀರಿಸಿದವನಿಗೆ ಇನ್ನೊಂದು ಯಾವ ಲೆಕ್ಕ" ಅಂದ್ರು. ನಮ್ಮ ಕೆಲಸದಲ್ಲಿ ಫ್ಯೂಸ್ ಹೋದ್ರೆ ಮೊದಲು ಶಾರ್ಟ್ ಎಲ್ಲಿ ಅಂತ ಹುಡುಕ್ತೀವಿ. ದಪ್ಪ ತಂತಿ ಸುತ್ತಿದ್ರೆ ದೀಪ ಹತ್ತುತ್ತೆ, ಆಮೇಲೆ ಮನೆಯೂ ಹತ್ತುತ್ತೆ.

ನಮ್ಮ ಪರ್ಮಿಟ್ ವರ್ಷ ವರ್ಷ ರಿನ್ಯೂ ಆಗಬೇಕು. ಅದನ್ನು ನಂಬಿ ಐದು ವರ್ಷದ ಸಾಲ ಮಾಡೋದು ಹೇಗೆ? ಅಪ್ಪನಿಗೆ ಹೇಳಿದೆ: "ಛತ್ರ ಬೇಡ, ದೇವಸ್ಥಾನದಲ್ಲೇ ಧಾರೆ ಆಗಲಿ. ಅಮ್ಮನ ಬಳೆ ಬ್ಯಾಂಕಲ್ಲಿಟ್ಟು ಎಂಬತ್ತು ಸಾವಿರ ತಗೊಳ್ಳಿ. ಹತ್ತು ತಿಂಗಳಲ್ಲಿ ನಾನು ಬಿಡಿಸ್ತೀನಿ."

ಅಪ್ಪ ಒಂದು ವಾರ ಮಾತಾಡಲಿಲ್ಲ. ಮದುವೆ ಆಯ್ತು. ಒಂಬತ್ತನೇ ತಿಂಗಳಿಗೆ ಬಳೆ ಅಮ್ಮನ ಕೈಗೆ ಬಂತು.

ಸಾಲವೇ ತಪ್ಪು ಅಂತ ನಾನು ಹೇಳಲ್ಲ. ಕೈ ಚಾಚೋ ಮೊದಲು ಪರ್ಮಿಟ್ ಮುಗಿಯೋ ತಾರೀಖು ಒಂದ್ಸಲ ನೋಡ್ಕೊಳ್ಳಿ, ಅಷ್ಟೇ.